ಒಂದು ಚಿಟಿಕೆ ಉಪ್ಪು

ಯಾರದಾದರೂ ಮಾತನ್ನು ಪೂರ್ತಿ ನಂಬಬೇಡಿ ಎನ್ನಬೇಕಾದಾಗ ಇಂಗ್ಲಿಷರು ಅದನ್ನು ಒಂದು ಚಿಟಿಕೆ ಉಪ್ಪು ಸೇರಿಸಿ ತೆಗೆದುಕೊಳ್ಳಿ ಎನ್ನುತ್ತಾರೆ. ಅಮೆರಿಕದವರದು ಇನ್ನೂ ಕೈಬಿಗಿ, ಅವರಿಗೆ ಒಂದೇ ಹರಳು ಸಾಕು. ಸಾಣಿಕಟ್ಟಾದ ಆಗರಗಳಲ್ಲಿ ಬೇಸಿಗೆಯಿಡೀ ಉಪ್ಪು ಬಾಚಿ ರಾಶಿ ಹಾಕುವುದನ್ನು ಕಂಡ ನಮಗೆ ಈ ಜಿಪುಣತನ ಹಿಡಿಸುವುದಿಲ್ಲ.

ಮಾತಿನ ಮೂಲ ರೋಮ್‌ನಲ್ಲಿದೆ. ಒಂದನೆಯ ಶತಮಾನದ ಪ್ಲಿನಿ, ಮಿಥ್ರಿಡೇಟಿಸ್ ದೊರೆಯ ವಿಷಹರ ಮದ್ದೊಂದನ್ನು ಬರೆದಿಟ್ಟಿದ್ದಾನೆ: ಎರಡು ಒಣ ಅಕ್ರೋಟು, ಎರಡು ಅಂಜೂರ, ಒಂದು ಬಗೆಯ ಕಹಿ ಸೊಪ್ಪಿನ ಇಪ್ಪತ್ತು ಎಲೆ, ಎಲ್ಲವನ್ನೂ ಅರೆದು ಒಂದು ಹರಳು ಉಪ್ಪು ಹಾಕಿ ಖಾಲಿ ಹೊಟ್ಟೆಯಲ್ಲಿ ತಿಂದರೆ ಆ ದಿನಕ್ಕೆ ಯಾವ ವಿಷವೂ ತಾಗದಂತೆ. ಆ ಹರಳು ಸಂಶಯದ ಗುರುತಾಗಿ ಇಂಗ್ಲಿಷಿಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಅದೇ ಇಂಗ್ಲಿಷರು, 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ತಯಾರಿಸಿದ ಉಪ್ಪನ್ನು ಮಾತ್ರ ಚಿಟಿಕೆಯೆಂದು ಬಗೆಯಲಿಲ್ಲ. ಪೊಲೀಸರನ್ನು ಕಳಿಸಿದರು.

ಇಷ್ಟಾಗಿಯೂ ನಮ್ಮ ಕಡೆ ಉಪ್ಪಿನ ಪಾತ್ರೆ ಕೇಳುವವನ ಹತ್ತಿರ ಇರುವುದಿಲ್ಲ. ಹೇಳುವವನೇ ಉಪ್ಪು ಖಾರ ಹಚ್ಚಿ ಬಡಿಸುತ್ತಾನೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೆಳಿಗ್ಗೆ ಹೊತ್ತು ನಿಂತು ನೋಡಿ. ಬಲೆ ಹರಿದುಕೊಂಡು ಹೋದ ಇಶ್ವಾಣ ಮೀನು ಎಷ್ಟುದ್ದವಿತ್ತೆಂದು ದೋಣಿಯಿಂದ ಇಳಿದವನು ತೋರಿಸುವಾಗ ಎಡಗೈಯ ಮೊಣಕೈವರೆಗೆ ಗೆರೆ ಎಳೆಯುತ್ತಾನೆ. ಚಹಾದ ಅಂಗಡಿಗೆ ಬರುವಷ್ಟರಲ್ಲಿ ಗೆರೆ ಭುಜಕ್ಕೇರಿರುತ್ತದೆ. ಎರಡನೇ ಲೋಟ ಚಹಾಕ್ಕೆ ಒಂದು ಕೈ ಸಾಲದೆ ಎರಡೂ ಕೈ ಚಾಚಬೇಕಾಗುತ್ತದೆ. ಎದುರು ಕೂತವರು ಸುಳ್ಳೆನ್ನುವುದಿಲ್ಲ. ಬನ್ಸ್ ಮುರಿಯುತ್ತ ‘ಹೂಂ’ ಎನ್ನುತ್ತಾರೆ, ಅಷ್ಟೆ. ನಂಬಿದವನ ಹೂಂ ಗಿಡ್ಡ. ನಂಬದವನದು ರಾಗ ಎಳೆದುಕೊಂಡು ಹೋಗುತ್ತದೆ. ಹೇಳುವವನಿಗೂ ಅದು ಗೊತ್ತು, ಆದರೂ ಕೈ ಇಳಿಸುವುದಿಲ್ಲ. ಇಂಥ ಮೀನಿಗೆ ಸಂಶಯ ಪಡುವುದು ಸಣ್ಣತನವೆಂದೇ ನನ್ನ ಎಣಿಕೆ.

ಎಲ್ಲ ಮಾತೂ ಮೀನಿನಷ್ಟು ನಿರುಪದ್ರವಿಯಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೇನು ಬಂದೇ ಬಿಟ್ಟಿತು ಎಂಬುದನ್ನು 1990ರ ದಶಕದಿಂದ ಕೇಳುತ್ತಿದ್ದೇವೆ. ಅದಕ್ಕೆ ಚಿಟಿಕೆ ಎಲ್ಲಿ ಸಾಕು? ಶಿರಸಿಯ ಮನೆಗಳಲ್ಲಿ ಅಪ್ಪೆಮಿಡಿಯ ಭರಣಿಗೆ ಸುರಿಯುವ ಹಾಗೆ ಕಲ್ಲುಪ್ಪು ಸುರಿಯಬೇಕು. ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ, ಆದರೆ ಕೆಡುವುದಿಲ್ಲ. ರೈಲಿನ ಆಶ್ವಾಸನೆಯೂ ಕೆಟ್ಟಿಲ್ಲ. ಪ್ರತಿ ಚುನಾವಣೆಗೂ ಅದೇ ಭರಣಿಯಿಂದ ತೆಗೆದು ಎಲೆಯ ತುದಿಗೆ ಬಡಿಸುತ್ತಿದ್ದಾರೆ.