ಕೈಗೆ ಒಗ್ಗುವ ಪಿಸ್ತೂಲು, ಮನೆಗೆ ಸೇರಿದ ಕೋವಿ

ನಾನಿರುವ ಅಮೆರಿಕದ ಟೆಕ್ಸಸ್‌ನಲ್ಲಿ ಪಿಸ್ತೂಲು ಕೊಳ್ಳೋದು ಎಷ್ಟು ಸಲೀಸು ಅಂತ ಊರಿನವರಿಗೆ ಹೇಳಿದರೆ ನಂಬುವುದೇ ಇಲ್ಲ. ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ, 4473 ಅನ್ನೋ ಫಾರಂ ತುಂಬಬೇಕು. ನಿಮ್ಮ ಮೇಲೆ ಕೇಸುಗಳಿವೆಯಾ, ಇದನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಅಂತೆಲ್ಲ ಅದರಲ್ಲಿ ಕೇಳುತ್ತಾರೆ. ಅಂಗಡಿಯವರು ಎಫ್‌ಬಿಐಗೆ ವಿವರ ಕಳಿಸುತ್ತಾರೆ. ಎಲ್ಲ ಸರಿಯಿದ್ದರೆ ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಬಂದುಬಿಡುತ್ತದೆ. ಎಚ್-1ಬಿ ವೀಸಾದವರಿಗೆ ಮಾತ್ರ, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಇದು ಆಗದ ಮಾತು. ಗ್ರೀನ್ ಕಾರ್ಡ್ ಬಂದ ಮೇಲೆ ಆ ಅಡ್ಡಿ ಇಲ್ಲ.

ನಮ್ಮಲ್ಲಿ ಹೇಗೆ ಅಂತ ಗೊತ್ತಲ್ವಾ? ಊರಲ್ಲಾದರೆ ಡಿಸಿ ಕಚೇರಿ, ಬೆಂಗಳೂರಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿ. ಪೊಲೀಸ್ ವರದಿ ಬರಬೇಕು, ಯಾಕೆ ಬೇಕು ಅನ್ನೋದಕ್ಕೆ ಒಪ್ಪುವಂಥ ಕಾರಣ ಕೊಡಬೇಕು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲಿ ಎಲ್ಲರ ಕೈಯಲ್ಲೂ ಕಾಣುವ 9 ಎಂಎಂ ಗುಂಡಿನ ಪಿಸ್ತೂಲು ಅಲ್ಲಿ ಸಾಮಾನ್ಯರಿಗೆ ಸಿಗುವುದೇ ಇಲ್ಲ. ಪಿಸ್ತೂಲು ಅಂದರೆ ಅದಕ್ಕಿಂತ ಸಣ್ಣ ಗುಂಡಿನ .32ಕ್ಕೆ ತೃಪ್ತಿಪಡಬೇಕು.

ಆದರೆ ನನ್ನ ಮನಸ್ಸಿನಲ್ಲಿರುವ ವ್ಯತ್ಯಾಸ ಕಾನೂನಿನದ್ದಲ್ಲ. ಮಲೆನಾಡಿನಲ್ಲಿ ಕೋವಿ ಮನೆಯದ್ದು. ಲೈಸೆನ್ಸು ಅಜ್ಜನ ಹೆಸರಲ್ಲಿರಬಹುದು, ಆದರೆ ಅದು ಎಲ್ಲಿರುತ್ತೆ, ತೋಟಾ ಎಲ್ಲಿರುತ್ತೆ, ಯಾರು ಮುಟ್ಟಬಾರದು ಅನ್ನೋದು ಮನೆಮಂದಿಗೆಲ್ಲ ಗೊತ್ತು. ಗದ್ದೆಗೆ ಹಂದಿ ಬಂದರೆ ಕೋವಿ ಕೆಳಗಿಳಿಯುತ್ತದೆ. ಚುನಾವಣೆ ಬಂದರೆ ಠಾಣೆಗೆ ಹೋಗಿ ಕೂರುತ್ತದೆ. ಕೊಡಗಿನಲ್ಲಂತೂ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಇಷ್ಟೆಲ್ಲ ಇದ್ದರೂ ಆ ಕೋವಿಯ ಮೈ ಯಾರೂ ಬದಲಿಸುವುದಿಲ್ಲ. ಅಪ್ಪನ ತೋಳಿಗೆ ಉದ್ದವಾಯಿತಾ, ಮಗನ ತೋಳಿಗೆ ಗಿಡ್ಡವಾಯಿತಾ, ಹೊಂದಿಕೊಳ್ಳಬೇಕಾದವರು ನಾವೇ.

ಅಮೆರಿಕದಲ್ಲಿ ಇದು ತಿರುಗಾಮುರುಗ. ಪಿಸ್ತೂಲು ಒಬ್ಬೊಬ್ಬರದ್ದು, ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ. ಈ ವಿಷಯದಲ್ಲಿ ಇಲ್ಲಿನವರದ್ದೇ ಸರಿ ಅಂತ ನನಗನ್ನಿಸುತ್ತದೆ. ಗ್ಲಾಕ್ 19 ಅನ್ನೋ ಪಿಸ್ತೂಲನ್ನೇ ಉದಾಹರಣೆಗೆ ತಗೊಳ್ಳಿ. ಅದರ ಇತ್ತೀಚಿನ ಮಾದರಿಗಳ ಡಬ್ಬಿಯಲ್ಲೇ ಹಿಡಿಕೆಯ ಬೆನ್ನಿಗೆ ಹಾಕುವ ಬೇರೆ ಬೇರೆ ದಪ್ಪದ ತುಂಡುಗಳಿರುತ್ತವೆ. ತುಂಬ ಜನ ಅದನ್ನು ತೆಗೆದೂ ನೋಡುವುದಿಲ್ಲ. ನನ್ನ ಕೈ ಸಣ್ಣದು. ಬೆನ್ನಿನ ತುಂಡು ಹಾಕದೆ ಹಿಡಿದರೆ ತೋರುಬೆರಳಿನ ಮೆತ್ತನೆ ಭಾಗ ನೇರವಾಗಿ ಕುದುರೆಯ (ಟ್ರಿಗರ್) ಮೇಲೆ ಕೂರುತ್ತದೆ. ದಪ್ಪದ್ದು ಹಾಕಿದರೆ ಬೆರಳ ತುದಿ ಮಾತ್ರ ತಾಗುತ್ತದೆ, ಎಳೆಯುವಾಗ ಪಿಸ್ತೂಲೇ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಗುರಿ ತಪ್ಪಿದಾಗ ಎಲ್ಲರೂ ಮೊದಲು ಬೈಯುವುದು ಗುರಿಕಣ್ಣನ್ನು, ಅಂದರೆ ಗುರಿ ನೋಡಲು ಪಿಸ್ತೂಲಿನ ಮೇಲಿರುವ ಸೈಟನ್ನು. ಬಹಳ ಸಲ ತಪ್ಪಿರುವುದು ಹಿಡಿತದಲ್ಲಿ.

ಆಮೇಲೆ ಗುರಿಕಣ್ಣು. ಗ್ಲಾಕ್‌ಗೆ ಸಾಮಾನ್ಯವಾಗಿ ಕೊಡುವುದು ಪ್ಲಾಸ್ಟಿಕ್ಕಿನದ್ದು, ಅದನ್ನು ಬದಲಿಸುವುದು ದಂಡದ ಖರ್ಚಲ್ಲ. ಕತ್ತಲಲ್ಲಿ ಮಿನುಗುವ ಟ್ರಿಟಿಯಂ ಹಾಕಿಸಿದರೆ ಒಳ್ಳೆಯದು. ಆದರೆ ಸುಮಾರು 12 ವರ್ಷಕ್ಕೆ ಅದರ ಬೆಳಕು ಅರ್ಧಕ್ಕಿಳಿಯುತ್ತದೆ ಅನ್ನೋದು ನೆನಪಿರಲಿ. ಚಾಳೀಸು ಬಂದವರಿಗೆ ರೆಡ್ ಡಾಟ್, ಅಂದರೆ ಪುಟ್ಟ ಗಾಜಿನಲ್ಲಿ ಬೆಳಕಿನ ಚುಕ್ಕೆ ತೋರಿಸುವ ಗುರಿಕಣ್ಣು, ನಿಜವಾದ ವರ. ಕಣ್ಣನ್ನು ಗುರಿಯ ಮೇಲೇ ಇಟ್ಟು, ಚುಕ್ಕೆಯನ್ನು ಅದರ ಮೇಲೆ ತಂದು ನಿಲ್ಲಿಸಿದರೆ ಸಾಕು. ಬ್ಯಾಟರಿ ನೋಡಿಕೊಳ್ಳಬೇಕು, ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಕೂತು ಗುರಿ ಹೊಂದಿಸಬೇಕು. ಅದಾಗದೆ ಅದನ್ನು ನಂಬಬಾರದು.

ಕುದುರೆಯ ವಿಷಯಕ್ಕೆ ಬಂದರೆ ನಾನು ಇಲ್ಲಿನ ಹುಡುಗರ ಜೊತೆ ಒಪ್ಪುವುದಿಲ್ಲ. ಹೊಸ ಪಿಸ್ತೂಲು ಕೊಂಡ ವಾರದಲ್ಲೇ ಕುದುರೆ ಹಗುರ ಮಾಡಿಸೋಕೆ ಹೊರಡುತ್ತಾರೆ. ಸ್ಪರ್ಧೆಗೆ ಹೋಗುವವರು ಮಾಡಿಸಲಿ, ಅವರಿಗೆ ಅದರ ಅಭ್ಯಾಸವಿದೆ. ಸೊಂಟಕ್ಕೆ ಕಟ್ಟುವ, ಮನೆಯಲ್ಲಿಡುವ ಪಿಸ್ತೂಲಿಗೆ ಅದು ಬೇಡವೇ ಬೇಡ. ಗಾಬರಿಯಲ್ಲಿ ಬೆರಳಿಗೆ ಎಷ್ಟು ಬಲ ಬರುತ್ತೆ ಅಂತ ನಮಗೇ ಗೊತ್ತಾಗುವುದಿಲ್ಲ. ಕೆಳಗೆ ಬಿದ್ದರೆ ಗುಂಡು ಹಾರದಂತೆ ಒಳಗೆ ಮಾಡಿರುವ ಏರ್ಪಾಡಿಗೂ ಕುದುರೆಗೂ ನಂಟಿದೆ. ಅರೆಬರೆ ತಿಳಿದವರು ಅಲ್ಲಿ ಕೈ ಹಾಕಬಾರದು. ಆ ದುಡ್ಡಿಗೆ ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ (ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಚೀಲ) ತಗೊಂಡು, ಉಳಿದದ್ದರಲ್ಲಿ ಗುಂಡು ಕೊಂಡು ಒಳ್ಳೆ ಗುರುವಿನ ಹತ್ತಿರ ಕಲಿಯಲಿ.

ಮನೆಯಲ್ಲಿ ಇಡುವ ವಿಷಯ ಬಂದಾಗ ಮಾತ್ರ ನನಗೆ, ಮನೆಮಂದಿಗೆಲ್ಲ ಗೊತ್ತಿರುವ ಊರಿನ ಪದ್ಧತಿಯೇ ಬೇಕು ಅನ್ನಿಸುತ್ತದೆ. 2005ರ ಕಾನೂನಿನ ಪ್ರಕಾರ ಇಲ್ಲಿ ಅಂಗಡಿಯವರು ಪಿಸ್ತೂಲಿನ ಜೊತೆ ಒಂದು ಬೀಗವನ್ನೋ ಭದ್ರವಾಗಿಡುವ ಪೆಟ್ಟಿಗೆಯನ್ನೋ ಕೊಡಲೇಬೇಕು. ಆ ಬೀಗ ಎಷ್ಟೋ ಮನೆಗಳಲ್ಲಿ ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಂದಿರುವುದಿಲ್ಲ. ನನಗೆ ಗೊತ್ತಿರುವ ಒಂದು ಕನ್ನಡದ ಮನೆಯಲ್ಲಿ ಗಂಡ ಪಿಸ್ತೂಲು ತಂದಿರೋದೇ ಹೆಂಡತಿಗೆ ಗೊತ್ತಿರಲಿಲ್ಲ. ಇದು ನನಗೆ ಸಹಿಸಲಾಗದ ವಿಷಯ. ಗುಂಡು ತುಂಬಿದ ಪಿಸ್ತೂಲು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಅಜಾಗರೂಕತೆಯಿಂದ ಇಟ್ಟರೆ ಟೆಕ್ಸಸ್‌ನಲ್ಲೂ ಅಪರಾಧವೇ. ಆದರೆ ಕಾನೂನು ಬರುವುದು ಮಗು ಮುಟ್ಟಿದ ಮೇಲೆ.

ಹೊಸದಾಗಿ ಕೊಳ್ಳುವ ಕನ್ನಡದವರು ಕೇಳಿದರೆ ನಾನು ಹೇಳೋದು ಇಷ್ಟೇ. ಮನೆಯವರ ಜೊತೆ ಮಾತಾಡದೆ ಅಂಗಡಿಗೆ ಹೋಗಬೇಡಿ. ಬೆರಳೊತ್ತಿದರೆ ತೆಗೆಯುವ ಸಣ್ಣ ತಿಜೋರಿ ಮೊದಲು ಮನೆಗೆ ಬರಲಿ, ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿಸಿ. ಮಕ್ಕಳನ್ನು ಕೂರಿಸಿಕೊಂಡು ಇದೇನು, ಬೇರೆಯವರ ಮನೆಯಲ್ಲಿ ಕಂಡರೆ ಏನು ಮಾಡಬೇಕು ಅಂತ ಹೇಳಿ: ಮುಟ್ಟಬೇಡ, ಅಲ್ಲಿಂದ ಹೊರಡು, ದೊಡ್ಡವರಿಗೆ ಹೇಳು. ರೆಡ್ ಡಾಟ್ ಯಾವುದು ಹಾಕಿಸೋಣ ಅನ್ನೋ ಮಾತು ಅದಾದ ಮೇಲೆ ಎಷ್ಟು ಹೊತ್ತು ಬೇಕಾದರೂ ಆಡೋಣ, ನನಗೂ ಅದು ಇಷ್ಟದ ಮಾತೇ.