ಎರಡು ಸೂಜಿಗಳ ನಡುವಿನ ಮುಖ

ಕಾಫಿಯ ಬೆಲೆಗೂ ಹಣೆಯ ಸುಕ್ಕಿಗೂ ಇರುವ ಸಂಬಂಧವನ್ನು ಅರ್ಥಶಾಸ್ತ್ರದ ಅಧ್ಯಾಪಕರು ಇನ್ನೂ ಪಠ್ಯಕ್ಕೆ ಸೇರಿಸಿಲ್ಲವಾದರೂ, ಚಿಕ್ಕಮಗಳೂರಿನ ಮದುವೆ ಮನೆಗಳಲ್ಲಿ ಕಣ್ಣು ತೆರೆದು ಕುಳಿತವರಿಗೆ ಅದು ತಿಳಿಯದ ಸಂಗತಿಯಲ್ಲ. ಬೆಲೆ ಬಿದ್ದ ವರ್ಷಗಳಲ್ಲಿ ಬೆಳೆಗಾರರ ಹಣೆಯಲ್ಲಿ ಗೆರೆಗಳು ಮೂಡಿದವು. ಬೆಲೆ ಏರಿದ ಮೇಲೆ ಆ ಗೆರೆಗಳನ್ನು ಅಳಿಸಿಕೊಳ್ಳಲು ಹಣ ಬಂತು. ಈಗ ಕಲ್ಯಾಣ ಮಂಟಪದ ಮುಂದಿನ ಸಾಲಿನಲ್ಲಿ ಕುಳಿತವರಲ್ಲಿ ಯಾರು ಸಂತೋಷಪಟ್ಟರು, ಯಾರು ಊಟದ ಉಪಚಾರ ಸಾಲದೆಂದು ಮುನಿಸಿಕೊಂಡರು ಎಂಬುದು ಮುಖ ನೋಡಿದರೆ ಗೊತ್ತಾಗುವುದಿಲ್ಲ, ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ಆನೆ ನುಗ್ಗಿ ತೋಟ ಹಾಳಾಯಿತೆಂದು ಪರಿಹಾರದ ಅರ್ಜಿ ಹಿಡಿದು ನಿಂತವರ ಹಣೆ ಅಷ್ಟು ನುಣ್ಣಗಿದ್ದರೆ, ನಷ್ಟ ಹೆಚ್ಚೇನೂ ಆಗಿರಲಾರದೆಂದು ಅಧಿಕಾರಿ ಭಾವಿಸುವುದರಲ್ಲಿ ಅವರ ತಪ್ಪೇನೂ ಇಲ್ಲ.

ಗೆರೆ ಅಳಿಸುವ ಬೊಟಾಕ್ಸ್ ಸೂಜಿಯ ಬಗ್ಗೆ ನನ್ನ ತಕರಾರಿಲ್ಲ. ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯ ತಯಾರಿಸುವ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವಿಗೆ ಕೊಟ್ಟಾಗ, ನರದ ತುದಿಯಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರುವುದು ತಡೆದು, ಹುಬ್ಬು ಗಂಟಿಕ್ಕುವ ಸ್ನಾಯು ತನ್ನ ಕೆಲಸವನ್ನು ಕೆಲವು ಕಾಲ ಮರೆತುಬಿಡುತ್ತದೆ. ಈ ವಿಷವಿದ್ದ ಕೆಟ್ಟ ಸಾಸೇಜು ತಿಂದು ಸತ್ತವರ ಲಕ್ಷಣಗಳನ್ನು 1820ರ ದಶಕದಲ್ಲಿ ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ ವಿವರವಾಗಿ ಬರೆದಿಟ್ಟಿದ್ದ. ಅದೇ ವಿಷ 1989ರಲ್ಲಿ ಅಮೆರಿಕದಲ್ಲಿ ಮೆಳ್ಳೆಗಣ್ಣಿಗೆ ಔಷಧವಾಗಿ, 2002ರಲ್ಲಿ ಹುಬ್ಬಿನ ನಡುವಿನ ಗೆರೆಗೆ ಮದ್ದಾಗಿ ಒಪ್ಪಿಗೆ ಪಡೆಯಿತು. ಬೇಕರಿಯಲ್ಲಿ ಕೇಕಿನಲ್ಲಿ ಮೊಟ್ಟೆಯಿದೆಯೇ ಎಂದು ಎರಡೆರಡು ಸಲ ವಿಚಾರಿಸುವ ಮನೆತನದವರು, ಬೊಟಾಕ್ಸಿನ ಸೀಸೆಯಲ್ಲಿ ಆ ವಿಷದ ಜೊತೆಗೆ ಮನುಷ್ಯರ ರಕ್ತದಿಂದ ತೆಗೆದ ಆಲ್ಬುಮಿನ್ ಎಂಬ ಪ್ರೋಟೀನ್ ಕೂಡ ಇರುತ್ತದೆ ಎಂಬುದನ್ನು ಮಾತ್ರ ಒಮ್ಮೆಯೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಇರಲಿ, ಅದು ಅವರವರ ಮಡಿ.

ತಕರಾರಿರುವುದು ಸೂಜಿಗೂ ಸೂಜಿಗೂ ನಡುವಿನ ಕಾಲದ ಬಗ್ಗೆ. ಒಮ್ಮೆ ಚುಚ್ಚಿಸಿಕೊಂಡರೆ ಪರಿಣಾಮ ಪೂರ್ತಿಯಾಗಿ ಕಾಣಲು ಎರಡು ವಾರ ಬೇಕು, ಅದು ಉಳಿಯುವುದು ಮೂರರಿಂದ ನಾಲ್ಕು ತಿಂಗಳು. ಈ ಅವಧಿಯಲ್ಲಿ ಮನೆಯಲ್ಲಿ ಮಾಡಬೇಕಾದ ಆರೈಕೆಯ ಬಗ್ಗೆ ಚರ್ಮವೈದ್ಯರು ಹೇಳುವ ಮಾತುಗಳ ಸಾರಾಂಶವೆಂದರೆ ಮುಖವನ್ನು ಅದರ ಪಾಡಿಗೆ ಬಿಡಿ ಎಂಬುದಷ್ಟೇ. ನಮ್ಮ ಸೀಮೆಯಲ್ಲಿ ಇದಕ್ಕಿಂತ ಕಠಿಣವಾದ ವ್ರತ ಬೇರೊಂದಿಲ್ಲ.

ಮೊದಲ ದಿನವನ್ನೇ ತೆಗೆದುಕೊಳ್ಳಿ. ಚುಚ್ಚಿದ ಜಾಗವನ್ನು ಉಜ್ಜಬಾರದು, ನಾಲ್ಕು ಗಂಟೆ ಕಾಲ ಮಲಗಬಾರದು, ಒಂದು ದಿನ ಬಿಸಿನೀರಿನ ಆವಿಗೆ ಮುಖ ಒಡ್ಡಬಾರದು, ಮೈ ಬೆವರುವಷ್ಟು ವ್ಯಾಯಾಮ ಮಾಡಬಾರದು ಎಂದು ವೈದ್ಯರು ಹೇಳುತ್ತಾರೆ. ಮಲಗಬಾರದೆಂಬ ನಿಯಮವೊಂದನ್ನು ಪಾಲಿಸುವುದು ಸುಲಭ, ಏಕೆಂದರೆ ಆಶ್ವಯುಜದಲ್ಲಿ ಹಾಸನಾಂಬೆಯ ದರ್ಶನದ ಸರದಿ ಸಾಲಿಗೆ ಹೋಗಿ ನಿಂತುಬಿಟ್ಟರೆ ನಾಲ್ಕು ಗಂಟೆ ಮಲಗುವ ಪ್ರಶ್ನೆಯೇ ಏಳುವುದಿಲ್ಲ. ಉಳಿದ ನಿಯಮಗಳದ್ದೇ ಕಷ್ಟ. ದೀಪಾವಳಿಗೆ ಬರುವ ನೆಂಟರೆದುರು ಮುಖ ಹೊಳೆಯಬೇಕೆಂಬ ಆಸೆಯಿಂದ, ಎರಡು ವಾರ ಮೊದಲೇ ಬನ್ನಿ ಎಂದ ವೈದ್ಯರ ಮಾತನ್ನು ಮರೆತು, ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ ಚುಚ್ಚಿಸಿಕೊಂಡು ಬಂದ ಸೊಸೆ ಮರುದಿನ ಬೆಳಗಿನ ಜಾವ ಎದುರಿಸುವುದು ನರಕ ಚತುರ್ದಶಿಯ ಅಭ್ಯಂಜನವನ್ನು. "ಹಬ್ಬದ ದಿನ ನೆತ್ತಿಗೆ ಎಣ್ಣೆ ಇಡದೆ ಇರ್ತೀಯೇನೇ?" ಎಂದು ಕೇಳುವ ಅತ್ತೆಗೆ, ನೆತ್ತಿಗಿಟ್ಟ ಎಣ್ಣೆ ಹಣೆಗೆ ಇಳಿಯದಂತೆ, ಹಣೆಗಿಳಿದರೂ ಅಂಗೈ ಒತ್ತದಂತೆ ತಿಕ್ಕುವ ವಿದ್ಯೆ ಗೊತ್ತಿಲ್ಲ. ಆಮೇಲೆ ಹಂಡೆಯಲ್ಲಿ ಕುದಿದ ನೀರು, ಬಚ್ಚಲ ಮನೆಯ ತುಂಬ ಹಬೆ, ಸೀಗೆಪುಡಿ. ಆಮೇಲೆ ಆರತಿ, ಹಣೆಗೆ ಒತ್ತಿ ಇಡುವ ಕುಂಕುಮ, ಕೆನ್ನೆಗೆ ಹಚ್ಚುವ ಅರಿಶಿನ, "ಎಷ್ಟು ಚೆನ್ನಾಗಿ ಕಾಣ್ತಿದೀಯಲ್ಲೇ" ಎನ್ನುತ್ತ ಎರಡೂ ಕೆನ್ನೆ ಸವರಿ ನೆಟಿಗೆ ಮುರಿಯುವ ಸೋದರತ್ತೆ. ಸಾವಿರಾರು ರೂಪಾಯಿಯ ಚಿಕಿತ್ಸೆಯನ್ನು ಬೆಳಗಿನ ಏಳು ಗಂಟೆಯೊಳಗೆ ಪರೀಕ್ಷೆಗೆ ಒಡ್ಡುವ ಇಂಥ ವ್ಯವಸ್ಥೆ ಜಗತ್ತಿನ ಬೇರೆ ಯಾವ ಭಾಗದಲ್ಲಿಯಾದರೂ ಇದೆಯೇ ಎಂಬುದು ನನ್ನ ಅನುಮಾನ.

ಹಬ್ಬ ಮುಗಿದ ಮೇಲೆ ಆರೈಕೆಯ ನಿಜವಾದ ಅಧ್ಯಾಯ ಶುರುವಾಗುತ್ತದೆ. ಕನ್ನಡಿಯ ಮುಂದಿನ ಹಲಗೆಯಲ್ಲಿ ಮೊದಲು ಒಂದು ಸೀಸೆ ಇತ್ತು, ಈಗ ಹಲಗೆಯೇ ಕಾಣುವುದಿಲ್ಲ. ಹಯಲುರಾನಿಕ್ ಆಮ್ಲವನ್ನು ವೈದ್ಯರು ಫಿಲ್ಲರ್ ರೂಪದಲ್ಲಿ ಚರ್ಮದಡಿಗೆ ಚುಚ್ಚಿ ಕೆನ್ನೆ ತುಂಬಿಸುತ್ತಾರೆಂದು ತಿಳಿದ ಮೇಲೆ, ಅದೇ ಹೆಸರಿನ ಸೀರಮ್ಮನ್ನು ಮೇಲಿಂದ ಸವರಿದರೂ ಕೆನ್ನೆ ತುಂಬುತ್ತದೆಂದು ನಂಬುವವರು ಹೆಚ್ಚಾಗಿದ್ದಾರೆ. ಸೀರಮ್ ಮೇಲ್ಪದರದಲ್ಲಿ ನೀರಿನಂಶ ಹಿಡಿದಿಟ್ಟುಕೊಳ್ಳುತ್ತದೆ, ಅದು ಒಳ್ಳೆಯದೇ. ಆದರೆ ಅದು ಚರ್ಮವನ್ನು ದಾಟಿ ಫಿಲ್ಲರ್ ಕುಳಿತ ಜಾಗಕ್ಕೆ ಹೋಗುವುದಿಲ್ಲ. ಇನ್ನು "ಸೂಜಿಯಿಲ್ಲದ ಬೊಟಾಕ್ಸ್" ಎಂದು ಮಾರುವ ಕ್ರೀಮುಗಳ ಧೈರ್ಯವನ್ನು ಮೆಚ್ಚಬೇಕು. ಆ ವಿಷದ ಅಣು ಎಷ್ಟು ದೊಡ್ಡದೆಂದರೆ ಹಚ್ಚಿದ ಮಾತ್ರಕ್ಕೆ ಚರ್ಮದೊಳಗೆ ಇಳಿಯಲಾರದು, ಅದಕ್ಕೇ ಸೂಜಿ ಬೇಕಾದದ್ದು. ಕ್ರೀಮಿನಲ್ಲಿ ಆ ವಿಷ ಇರುವುದೂ ಇಲ್ಲ. ಹೀಗೆ ಇಲ್ಲದಿರುವ ವಸ್ತುವನ್ನು ಇಳಿಯಲಾರದ ಜಾಗಕ್ಕೆ ದಿನಕ್ಕೆರಡು ಬಾರಿ ಸವರುವುದಕ್ಕೆ ಮನೆಯ ಆರೈಕೆ ಎಂದು ಹೆಸರು.

ಅಡುಗೆಮನೆಯೂ ಹಿಂದುಳಿದಿಲ್ಲ. ಸೋಸಿ ಉಳಿದ ಕಾಫಿ ಗಷ್ಟಿನಿಂದ ಕೆನ್ನೆ ಉಜ್ಜುವುದು ಇಲ್ಲಿ ಜಿಲ್ಲಾಭಿಮಾನದ ಭಾಗ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದೆಂದು ಹೇಳಿದವರನ್ನು ಸಂಪ್ರದಾಯ ವಿರೋಧಿ ಎಂದು ಕರೆಯಲಾಗುತ್ತದೆ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ "ಬೆಳ್ಳಗಾಗೋ ಕ್ರೀಮು ಕೊಡಿ" ಎಂದು ಕೇಳಿ ತರುವ ಸಣ್ಣ ಟ್ಯೂಬು. ಅದರಲ್ಲಿ ಎಷ್ಟೋ ಸಲ ಇರುವುದು ಸ್ಟೀರಾಯ್ಡ್. ಮೊದಲ ವಾರ ಮುಖ ಹೊಳೆಯುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣತೊಡಗಿ, ಮೊಡವೆ ಎದ್ದು, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಬರುತ್ತದೆ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಹುಬ್ಬಿನ ನಡುವೆ ಸೂಜಿ ಹಾಕಿಸಿಕೊಳ್ಳಲು ವೈದ್ಯರ ಪದವಿ, ಅನುಭವ, ಪ್ರಮಾಣಪತ್ರಗಳನ್ನೆಲ್ಲ ವಿಚಾರಿಸುವವರೇ, ಮುಂದಿನ ನಾಲ್ಕು ತಿಂಗಳು ಇಡೀ ಮುಖವನ್ನು ಅಂಗಡಿಯ ಹುಡುಗನ ಕೈಗೆ ಒಪ್ಪಿಸುತ್ತಾರೆ.

ಇಷ್ಟೆಲ್ಲದರ ನಡುವೆ ಹಲಗೆಯ ಮೇಲೆ ಇರದ ಒಂದು ವಸ್ತುವೆಂದರೆ ಸನ್‌ಸ್ಕ್ರೀನ್. "ನಮ್ಮ ಮಲೆನಾಡಿನಲ್ಲಿ ಎಲ್ಲಿಯ ಬಿಸಿಲು?" ಎಂಬುದು ಇಲ್ಲಿನ ಸಿದ್ಧ ಉತ್ತರ. ಸಮುದ್ರಮಟ್ಟದಿಂದ ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಚಿಕ್ಕಮಗಳೂರು ಪಟ್ಟಣವೇ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1900 ಮೀಟರ್ ದಾಟಿದೆ. ಚರ್ಮವನ್ನು ಸುಕ್ಕಾಗಿಸುವ ಕಿರಣಗಳಲ್ಲಿ ದೊಡ್ಡ ಪಾಲು ಮೋಡವನ್ನೂ ದಾಟಿ ಬರುತ್ತದೆ. ತಂಪು ಗಾಳಿಗೆ ಬಿಸಿಲಿನ ಬಿಸಿ ತಟ್ಟುವುದಿಲ್ಲ ಎಂಬುದೊಂದೇ ವ್ಯತ್ಯಾಸ. ವಿಚಿತ್ರವೆಂದರೆ, ನೆರಳಿನ ಬೆಲೆ ಈ ಜಿಲ್ಲೆಗೆ ಗೊತ್ತಿಲ್ಲವೆಂದಲ್ಲ. ಕಾಫಿ ಗಿಡದ ಮೇಲೆ ಎಷ್ಟು ಬಿಸಿಲು ಬೀಳಬೇಕೆಂದು ತಲೆಮಾರುಗಳಿಂದ ಲೆಕ್ಕ ಹಾಕಿ, ಅತ್ತಿ, ಹಲಸು, ಸಿಲ್ವರ್ ಓಕ್ ಬೆಳೆಸಿ, ಮಳೆಗಾಲಕ್ಕೆ ಮುನ್ನ ಆಳು ಹತ್ತಿಸಿ ಕೊಂಬೆ ಸವರಿಸಿ ಮರಗಸಿ ಮಾಡಿಸುವವರು, ತಮ್ಮ ಮುಖವನ್ನು ಮಾತ್ರ ನೆರಳಿಲ್ಲದ ಗುಡ್ಡದ ಮೇಲೆ ನೆಟ್ಟಿದ್ದಾರೆ. ಛತ್ರಿ ಎಂಬುದು ಇಲ್ಲಿ ಮಳೆಗೆ ಮಾತ್ರ ಬಿಚ್ಚುವ ಸಾಧನ.

ಅದೇ ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸರು ತಲೆಗೆ ಬಟ್ಟೆ ಸುತ್ತಿ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಮುಖದ ಮುಕ್ಕಾಲು ಭಾಗ ಮರೆಸಿಕೊಂಡು ಕೆಲಸ ಮಾಡುತ್ತಾರೆ. ಚರ್ಮವೈದ್ಯರ ಅತಿ ಮುಖ್ಯ ಸಲಹೆಯನ್ನು ತಪ್ಪದೆ ಪಾಲಿಸುವವರು ತೋಟದಲ್ಲಿ ಅವರೊಬ್ಬರೇ. ಅವರಿಗೆ ಆ ಸಲಹೆ ಕೊಡಲು ಯಾರೂ ಹಣ ಪಡೆದಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ತೋಟದ ಮನೆಯ ಅತ್ತಿಗೆಯೊಬ್ಬರು ಕ್ಲಿನಿಕ್ಕಿಗೆ ಬರುತ್ತಾರೆ. "ಡಾಕ್ಟ್ರೇ, ನಾಲ್ಕು ತಿಂಗಳು ಅಂದಿದ್ರಿ, ಮುಖ ಈಗ್ಲೇ ಹಾಳಾಯ್ತಲ್ಲ?" ಎಂದು ಕೇಳುತ್ತಾರೆ, ಕೋಪದಿಂದ ಕೇಳುತ್ತಿದ್ದಾರೆಂಬುದನ್ನು ದನಿಯಿಂದಲೇ ಊಹಿಸಬೇಕು. ಹುಬ್ಬಿನ ನಡುವೆ ಗೆರೆ ಮರಳಿಲ್ಲ, ಮದ್ದು ತನ್ನ ಕೆಲಸ ಮಾಡುತ್ತಲೇ ಇದೆ, ಕೆನ್ನೆ ಕೆಂಪಾಗಿ ಸಿಪ್ಪೆ ಏಳುತ್ತಿರುವುದು ನೀವು ಹಚ್ಚಿದ್ದರಿಂದ ಎಂದು ವೈದ್ಯರು ವಿವರಿಸಿ, ಚೀಲದಿಂದ ಹೊರಬಂದ ಸೀಸೆಗಳನ್ನೆಲ್ಲ ಬದಿಗೆ ಸರಿಸಿ, ಚೀಟಿಯಲ್ಲಿ ಸೌಮ್ಯವಾದ ಫೇಸ್‌ವಾಶ್, ಸಾದಾ ಮಾಯಿಶ್ಚರೈಸರ್, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಎಂದು ಬರೆಯುತ್ತಾರೆ. ಎರಡು ಬೆರಳುದ್ದದಷ್ಟು ತೆಗೆದುಕೊಂಡು ಮುಖ ಮತ್ತು ಕತ್ತಿಗೆ ಹಚ್ಚಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೆನ್ನೆ ಗುಣವಾದ ಮೇಲೆ ಬೇಕಿದ್ದರೆ ರಾತ್ರಿ ಬಟಾಣಿ ಕಾಳಿನಷ್ಟು ಸುಕ್ಕು ತಗ್ಗಿಸುವ ರೆಟಿನಾಲ್ ಕ್ರೀಮು, ಗರ್ಭಿಣಿಯಾಗಿದ್ದರೆ ಅದೂ ಬೇಡ.

ಚೀಟಿಯಲ್ಲಿ ಇಷ್ಟೇ ಇರುವುದನ್ನು ಕಂಡು ಅತ್ತಿಗೆಯವರಿಗೆ ಈ ವೈದ್ಯರಿಗೆ ಏನೂ ಗೊತ್ತಿಲ್ಲವೆಂಬುದು ಖಚಿತವಾಗುತ್ತದೆ. ಮರುದಿನ ಬೆಳಿಗ್ಗೆಯೇ ಹೆಚ್ಚು ಬರೆದುಕೊಡುವವರನ್ನು ಹುಡುಕಿಕೊಂಡು ಕಾರಿನಲ್ಲಿ ಹಾಸನಕ್ಕೆ ಹೊರಡುತ್ತಾರೆ. ಬೇಲೂರು ಮುಟ್ಟುವ ತನಕ ಮೂಡಣದ ಬಿಸಿಲು ಎಡಗಡೆಯ ಕಿಟಕಿಯ ಗಾಜನ್ನು ದಾಟಿ ಅವರ ಕೆನ್ನೆಯ ಮೇಲೆ ಬೀಳುತ್ತಲೇ ಇರುತ್ತದೆ. ಸನ್‌ಸ್ಕ್ರೀನ್ ಹಚ್ಚಿರುವುದಿಲ್ಲ, ಏಕೆಂದರೆ ಅದನ್ನು ಬರೆದುಕೊಟ್ಟವರ ಮೇಲೆ ಅವರಿಗೆ ನಂಬಿಕೆ ಹೋಗಿದೆ.