ಮುಂದಿನ ಬ್ರೇಕ್ ಮೇಲೆ ಯಾಕಿಷ್ಟು ಅನುಮಾನ?

ಹೋದ ಭಾನುವಾರ ಗೆಳೆಯನೊಬ್ಬ ನನ್ನ ಹಿಂದೆ ಸೈಕಲ್‌ನಲ್ಲಿ ಇಳಿಜಾರು ಇಳಿದು ಬಂದ. ಕೆಳಗೆ ನಿಂತಾಗ ನೋಡಿದರೆ ಅವನ ಹಿಂದಿನ ಟೈರಿನಲ್ಲಿ ಒಂದು ಕಡೆ ರಬ್ಬರ್ ಸವೆದು ನೂಲು ಕಾಣುತ್ತಿತ್ತು. ದಾರಿಯುದ್ದಕ್ಕೂ ಹಿಂದಿನ ಬ್ರೇಕನ್ನೇ ಹಿಡಿದು, ಚಕ್ರ ಜಾರಿಸಿಕೊಂಡೇ ಬಂದಿದ್ದಾನೆ.

"ಮುಂದಿನದು ಯಾಕೋ ಹಿಡೀಲಿಲ್ಲ?" ಎಂದೆ.

"ಅಯ್ಯೋ ಮಾರಾಯ, ಮುಂದಿನದು ಹಿಡಿದರೆ ಪಲ್ಟಿ ಹೊಡೀತೀನಲ್ಲ!"

ನಲವತ್ತು ದಾಟಿದ ಮನುಷ್ಯ. ಎಂಟನೇ ವಯಸ್ಸಿನಲ್ಲಿ ಯಾರೋ ಹೆದರಿಸಿದ ಮಾತು ಇನ್ನೂ ಅವನ ಬೆರಳಲ್ಲಿ ಕೂತಿದೆ. ಅವನೊಬ್ಬನೇ ಅಲ್ಲ, ನಮ್ಮಲ್ಲಿ ಬಹಳ ಜನ ಹೀಗೇ. ಮುಂದಿನ ಬ್ರೇಕ್ ಎಂದರೆ ಮುಟ್ಟಬಾರದ ವಸ್ತು. ನನ್ನ ಪ್ರಕಾರ ಇಳಿಜಾರಿನಲ್ಲಿ ಜನ ಬೀಳುವುದಕ್ಕೆ ಈ ಹೆದರಿಕೆಯೂ ಒಂದು ಕಾರಣ.

ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ ಅಲ್ವಾ? ಸೈಕಲ್‌ನಲ್ಲೂ ಅದೇ. ಬ್ರೇಕ್ ಹಿಡಿದ ಕೂಡಲೇ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ರಸ್ತೆಯ ಹಿಡಿತ ಕಡಿಮೆ. ಅದಕ್ಕೇ ಅದು ಅಷ್ಟು ಸುಲಭವಾಗಿ ಸ್ಕಿಡ್ ಆಗುವುದು. ಒಣ ರಸ್ತೆಯಲ್ಲಿ ಮುಂದಿನ ಬ್ರೇಕ್‌ನಿಂದ ಸಿಗುವ ನಿಲ್ಲಿಸುವ ಶಕ್ತಿ ಹಿಂದಿನದರ ಸುಮಾರು ಎರಡು ಪಟ್ಟು. ಇಳಿಜಾರಿನಲ್ಲಂತೂ ಭಾರ ಮೊದಲೇ ಮುಂದಕ್ಕೆ ಬಾಗಿರುತ್ತದೆ, ಹಿಂದಿನ ಚಕ್ರ ಇನ್ನೂ ಬಡವಾಗುತ್ತದೆ. ಅಂದರೆ ಬ್ರೇಕ್ ಜಾಸ್ತಿ ಬೇಕಾದ ಜಾಗದಲ್ಲೇ ನಾವು ಕಮ್ಮಿ ಶಕ್ತಿಯ ಬ್ರೇಕನ್ನು ಹಿಡಿದು ದೇವರ ಮೇಲೆ ಭಾರ ಹಾಕುತ್ತೇವೆ.

ಪಲ್ಟಿ ಹೊಡೆಯುವುದು ಸುಳ್ಳೇನೂ ಅಲ್ಲ. ಗಾಬರಿಯಲ್ಲಿ ಲಿವರನ್ನು ಒಂದೇ ಸಲ ಕಿತ್ತು ಹಿಡಿದರೆ, ಕೈ ಮಡಚಿಕೊಂಡು ಸಡಿಲವಾಗಿದ್ದರೆ, ಸೈಕಲ್ ನಿಲ್ಲುತ್ತದೆ, ನಾವು ನಿಲ್ಲುವುದಿಲ್ಲ. ಎಷ್ಟೋ ಸಲ ಸೈಕಲ್ ಮಗುಚುವ ಮೊದಲು ಸವಾರನೇ ಮುಂದಕ್ಕೆ ಜಾರಿರುತ್ತಾನೆ. ಹಾಗಾಗಿ ಮೈಯನ್ನು ಸೀಟಿನ ಹಿಂದಕ್ಕೆ ತಳ್ಳಬೇಕು, ತಗ್ಗಬೇಕು, ಕೈ ನೆಟ್ಟಗೆ ಮಾಡಿ ಹ್ಯಾಂಡಲ್‌ಗೆ ಒತ್ತು ಕೊಡಬೇಕು, ಲಿವರನ್ನು ಹಂತಹಂತವಾಗಿ ಬಿಗಿ ಮಾಡಬೇಕು. ಹಿಂದಿನ ಬ್ರೇಕನ್ನು ಸುಮ್ನೆ ಹಗುರಾಗಿ ಹಿಡಿದಿದ್ದರೆ ಅದು ಒಳ್ಳೆಯ ಗೂಢಚಾರ. ಹಿಂದಿನ ಚಕ್ರ ಜಾರಲು ಶುರು ಮಾಡಿದರೆ ಅದರ ಮೇಲೆ ಭಾರ ಉಳಿದಿಲ್ಲ ಎಂದು ಅರ್ಥ. ಮುಂದಿನದನ್ನು ಒಂದು ಕೂದಲಷ್ಟು ಬಿಡಬೇಕು. ಜಲ್ಲಿ, ಮರಳು, ಒದ್ದೆ ಎಲೆ ಇದ್ದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಮೊದಲೇ ನಿಧಾನ ಆಗಿರಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು ಮಾತು. ಬೇರೆಯವರ ಸೈಕಲ್ ಹತ್ತಿದರೆ ಯಾವ ಕೈಗೆ ಯಾವ ಬ್ರೇಕ್ ಎಂದು ನೋಡಿಕೊಳ್ಳಿ. ಕೆಲವು ದೇಶಗಳಲ್ಲಿ ಮುಂದಿನದು ಬಲಗೈಗೆ, ಕೆಲವು ಕಡೆ ಎಡಗೈಗೆ. ಇದನ್ನು ತಿರುವಿನಲ್ಲಿ ಕಂಡುಹಿಡಿಯುವುದು ಒಳ್ಳೆಯದಲ್ಲ.

ವೇಗದ ವಿಷಯದಲ್ಲಿ ನಮ್ಮ ಮನಸ್ಸು ಮೋಸ ಮಾಡುತ್ತದೆ. 30 ಕಿ.ಮೀ. ವೇಗ 60 ಆದರೆ ಅಪಾಯ ಎರಡು ಪಟ್ಟು ಎಂದುಕೊಳ್ಳುತ್ತೇವೆ. ಆದರೆ ಬ್ರೇಕ್ ತಿನ್ನಬೇಕಾದ ಶಕ್ತಿ ನಾಲ್ಕು ಪಟ್ಟು. ಸಮತಟ್ಟಾದ ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ 30ರಲ್ಲಿ ಸುಮಾರು 7 ಮೀಟರ್‌ಗೆ ನಿಲ್ಲುತ್ತೀರಿ. 60ರಲ್ಲಿ 28 ಮೀಟರ್ ಬೇಕು. ಅದಕ್ಕೂ ಮೊದಲು, "ಅಯ್ಯೋ" ಎಂದು ಬೆರಳು ಮಡಚಲು ಒಂದು ಸೆಕೆಂಡ್ ಹಿಡಿದರೂ ಇನ್ನೊಂದು 17 ಮೀಟರ್ ಹೋಗಿರುತ್ತದೆ. ಇಳಿಜಾರಿನಲ್ಲಿ ಇವೆಲ್ಲ ಇನ್ನೂ ಉದ್ದ. ತಿರುವಿನಾಚೆ ಕಾಣುವುದು 20 ಮೀಟರ್ ಮಾತ್ರ ಎಂದಾದರೆ 60ರಲ್ಲಿ ಹೋಗುವವನು ನಂಬಿರುವುದು ಬ್ರೇಕನ್ನಲ್ಲ, ಆಚೆ ಯಾರೂ ಇರಲಿಕ್ಕಿಲ್ಲ ಎಂಬ ಊಹೆಯನ್ನು.

ನನಗೆ ಬಹಳ ಇಷ್ಟವಾದ ಕಥೆಯೊಂದಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಮಣ್ಣಿನ ಇಳಿಜಾರಿನಲ್ಲಿ ಬಿಟ್ಟುಕೊಂಡು ರೇಸ್ ಶುರು ಮಾಡಿದರು. ಚಾರ್ಲಿ ಕೆಲ್ಲಿ, ಗ್ಯಾರಿ ಫಿಶರ್, ಜೋ ಬ್ರೀಜ್ ಇವರೆಲ್ಲ ಇದ್ದ ಗುಂಪು. ದಾರಿ ಸುಮಾರು 3 ಕಿಲೋಮೀಟರ್, ಇಳಿತ ಸುಮಾರು 400 ಮೀಟರ್. ಆ ಸೈಕಲ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ನಡುವಿನ ಹಬ್ ಒಳಗೇ ಹಿಡಿಯುವ ಬ್ರೇಕ್ ಇತ್ತು. ಕೆಳಗೆ ಬರುವಷ್ಟರಲ್ಲಿ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು, ಅಂದರೆ 'ರೀಪ್ಯಾಕ್' ಮಾಡಬೇಕು. ಆ ರೇಸಿಗೆ ಅದೇ ಹೆಸರು ನಿಂತಿತು. ಇವತ್ತಿನ ಮೌಂಟನ್ ಬೈಕ್ ಬೆಳೆದು ಬಂದದ್ದು ಇಂಥ ಕಡೆಯಿಂದ. ಇಳಿಜಾರಿನ ಆಟದ ಹೆಸರೇ ಸುಟ್ಟ ಬ್ರೇಕ್‌ನಿಂದ ಬಂದದ್ದು ನೋಡಿ!

ಆ ಬಿಸಿ ಎಷ್ಟಿರಬಹುದು? ಸವಾರ, ಸೈಕಲ್ ಸೇರಿ 85 ಕೆ.ಜಿ. ಎಂದುಕೊಳ್ಳಿ. 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿಯಲ್ಲಿ ಒಂದು ಲೀಟರ್ ತಣ್ಣೀರು ಕುದಿ ಬಂದು ಇನ್ನೂ ಮಿಗುತ್ತದೆ. ಅದು ಗಾಳಿಗೆ ಹೋಗಬೇಕು, ಇಲ್ಲವೇ ಬ್ರೇಕ್‌ಗೆ ಹೋಗಬೇಕು. ಮೇಲಿನಿಂದ ಕೆಳಗಿನವರೆಗೆ ಬ್ರೇಕ್ ಹಿಡಿದುಕೊಂಡೇ ಬರುವವರು ತಾವು ಜಾಗ್ರತೆಯವರು ಎಂದುಕೊಂಡಿರುತ್ತಾರೆ. ಪಾಪ, ಬಿಸಿಯನ್ನೆಲ್ಲ ಬ್ರೇಕ್ ಶೂ ಉಜ್ಜುವ ರಿಮ್‌ಗೆ ಉಣಿಸುತ್ತಿರುತ್ತಾರೆ. ರಿಮ್ ತುಂಬಾ ಕಾದರೆ ಟ್ಯೂಬ್ ಸಿಡಿಯುವುದೂ ಉಂಟು. 100 ಮೀಟರ್‌ಗೆ 8 ಮೀಟರ್ ಇಳಿಯುವ ದಾರಿಯಲ್ಲಿ ನೆಟ್ಟಗೆ ಕೂತವನನ್ನು 50–60 ಕಿ.ಮೀ. ವೇಗದ ಹತ್ತಿರ ಗಾಳಿಯೇ ತಡೆದು ಹಿಡಿಯುತ್ತದೆ. ಹಾಗಾಗಿ ರಸ್ತೆ ದೂರದವರೆಗೆ ಕಾಣುವ ಕಡೆ ಬಿಡಿ, ಎದೆಯನ್ನು ಗಾಳಿಗೆ ಒಡ್ಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಮತ್ತೆ ಬಿಡಿ. ಬಿಟ್ಟಾಗಲೆಲ್ಲ ಬ್ರೇಕ್ ಉಸಿರಾಡುತ್ತದೆ.

ನಂಬಿಕೆಯ ಬಗ್ಗೆ ಇಷ್ಟು ಮಾತಾಡುವ ನಾನೇನು ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮುಂದಿನ ಬ್ರೇಕ್ ವೈರಿನಲ್ಲಿ, ಲಿವರ್ ಹತ್ತಿರ, ಎರಡು ಎಳೆ ಬಿಚ್ಚಿಕೊಂಡಿದ್ದು ಕಂಡಿತ್ತು. ಮುಂದಿನ ವಾರ ಬದಲಾಯಿಸೋಣ ಎಂದುಕೊಂಡೆ. ಆ ವಾರ ಬರುವ ಮೊದಲು ಇಳಿಜಾರು ಬಂತು. ತಿರುವಿಗೆ ಮೊದಲು ಲಿವರ್ ಒತ್ತಿದಾಗ 'ಟಕ್' ಎಂದಿತು, ಲಿವರ್ ಹ್ಯಾಂಡಲ್‌ಗೆ ಬಂದು ಅಂಟಿತು. ಹಿಂದಿನ ಬ್ರೇಕ್ ಹಿಡಿದೆ, ಚಕ್ರ ಜಾರಿತು, ನಾನು ನೆಟ್ಟಗೆ ಪೊದೆಗೆ. ಮೊಣಕೈ ಕೆತ್ತಿಹೋಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಪೊದೆ ಇತ್ತು, ಅದೃಷ್ಟ. ಬ್ರೇಕ್ ನನಗೆ ಮೋಸ ಮಾಡಿತು ಎನ್ನಲು ಬಾಯಿಲ್ಲ. ಅದು ವಾರದ ಮೊದಲೇ ಹೇಳಿತ್ತು.

ಅಂದಿನಿಂದ ಇಳಿಯುವ ಮೊದಲು ಎರಡು ನಿಮಿಷ ನಿಲ್ಲುತ್ತೇನೆ. ಲಿವರ್ ಒತ್ತಿ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ ನೋಡುತ್ತೇನೆ. ವೈರ್ ನೋಡುತ್ತೇನೆ, ಬ್ರೇಕ್ ಶೂಗಳಲ್ಲಿ ಗೆರೆ ಉಳಿದಿದೆಯಾ ನೋಡುತ್ತೇನೆ. ಮಳೆಯಲ್ಲಿ ಹಳೆಯ ಸ್ಟೀಲ್ ರಿಮ್ ಇದ್ದರೆ ಅರ್ಧ ಬ್ರೇಕ್ ಇಲ್ಲ ಎಂದೇ ಲೆಕ್ಕ. ಡಿಸ್ಕ್ ಬ್ರೇಕ್ ಇದ್ದವರು ನಿಶ್ಚಿಂತೆಯಿಂದ ಇರುತ್ತಾರೆ, ಆದರೆ ಚೈನಿಗೆ ಹಾಕುವ ಎಣ್ಣೆ ಪ್ಯಾಡ್‌ಗೆ ಸಿಡಿದರೆ ಡಿಸ್ಕ್ ಕೂಡ ಬರೀ ಕಿರುಚುತ್ತದೆ, ಹಿಡಿಯುವುದಿಲ್ಲ. ಹೊಸ ಪ್ಯಾಡ್ ಹಾಕಿದ ದಿನವೇ ದೊಡ್ಡ ಇಳಿಜಾರಿಗೆ ಹೋಗಬೇಡಿ. ಮೊದಲು ಇಪ್ಪತ್ತು ಮೂವತ್ತು ಸಲ ವೇಗದಿಂದ ನಿಧಾನಕ್ಕೆ ತಂದು ಪಳಗಿಸಬೇಕು.

ಎರಿಕ್ ಬರೋನ್ ಎಂಬ ಫ್ರೆಂಚ್ ಸೈಕಲ್ ಸವಾರ 2017ರಲ್ಲಿ ಹಿಮದ ಇಳಿಜಾರಿನಲ್ಲಿ ಗಂಟೆಗೆ 227 ಕಿ.ಮೀ. ದಾಟಿದರು. ಅದೇ ಮನುಷ್ಯ 2002ರಲ್ಲಿ ನಿಕರಾಗುವಾದ ಜ್ವಾಲಾಮುಖಿ ಇಳಿಜಾರಿನಲ್ಲಿ 172 ಮುಟ್ಟಿದ್ದಾಗ ಸೈಕಲ್ಲೇ ಮುರಿದು ಬಿದ್ದು ಬಹಳ ಪೆಟ್ಟು ಮಾಡಿಕೊಂಡಿದ್ದರು. ವಿಡಿಯೋ ನೋಡಿ ಹುರುಪು ಬಂದವರಿಗೆ ಒಂದೇ ಮಾತು: ಅವರ ದಾರಿಯಲ್ಲಿ ಎದುರಿನಿಂದ ನಾಯಿ ಬರುವುದಿಲ್ಲ.

ಗೆಳೆಯನನ್ನು ಮೊನ್ನೆ ಸಂಜೆ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ನಿಧಾನವಾಗಿ ಬಾ, ಮುಂದಿನದನ್ನೇ ಹಿಡಿ, ಸ್ವಲ್ಪ ಸ್ವಲ್ಪ ಬಿಗಿ ಮಾಡು ಎಂದೆ. ಮೊದಲ ಐದಾರು ಸಲ ಮುಖ ಸಿಂಡರಿಸಿಕೊಂಡೇ ಬಂದ. ಹತ್ತನೇ ಸಲವೋ ಏನೋ, ಹಿಂದಿನ ಚಕ್ರ ನೆಲ ಬಿಟ್ಟು ನಾಲ್ಕು ಬೆರಳು ಮೇಲೆದ್ದಿತು. ಅವನ ಬಣ್ಣ ಇಳಿಯಿತು. ಲಿವರ್ ಸಡಿಲಿಸಿದ, ಚಕ್ರ ಮೆಲ್ಲಗೆ ಕೆಳಗೆ ಕೂತಿತು.

"ಇಷ್ಟೇನಾ?" ಎಂದ.

ಇವತ್ತು ಹಿಂದಿನ ಟೈರ್ ಹೊಸದು ಹಾಕಿಸಿಕೊಂಡು ಬಂದಿದ್ದಾನೆ. ಈ ಭಾನುವಾರ ಮತ್ತೆ ಅದೇ ಇಳಿಜಾರು.